ಚಮ್ಮಾವುಗೆಯ ಭಾರ

ಯಾವುದನ್ನು ನಿಜವೆಂದು ನಂಬಬೇಕು, ಯಾವ ಆಧಾರದ ಮೇಲೆ ನಂಬಬೇಕು ಎಂಬ ಪ್ರಶ್ನೆಗೆ ನಮ್ಮ ದೇಶದ ದರ್ಶನಕಾರರು ಒಂದೇ ಉತ್ತರ ಕೊಟ್ಟವರಲ್ಲ. ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ನೈಯಾಯಿಕರಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು. ಭಾಟ್ಟ ಮೀಮಾಂಸಕರಿಗೆ ಆರು. ಪೌರಾಣಿಕರು ಇನ್ನೆರಡನ್ನು ಸೇರಿಸಿ ಎಂಟೆಂದರು. ಆ ಎರಡರಲ್ಲಿ ಒಂದು ಐತಿಹ್ಯ. 'ಇತಿ ಹ' ಎಂಬುದರಿಂದ ಹುಟ್ಟಿದ ಪದವಿದು. 'ಹೀಗಂತೆ' ಎಂದು ಕನ್ನಡಿಸಬಹುದು. ಮೊದಲು ಹೇಳಿದವರು ಯಾರೆಂದು ತಿಳಿಯದ, ಆದರೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿದುಬಂದ ಮಾತು ಐತಿಹ್ಯ. ನ್ಯಾಯಸೂತ್ರಕಾರನಾದ ಗೌತಮನು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಶಬ್ದಪ್ರಮಾಣದೊಳಗೇ ಅಡಗಿಸಿದನು. ಒಪ್ಪದಿದ್ದರೂ ಅದನ್ನು ಕುರಿತು ಚರ್ಚಿಸಬೇಕೆಂದು ಅವನಿಗೆ ಅನ್ನಿಸಿತು ಎಂಬುದು ಗಮನಾರ್ಹ. ಇಂದು ನಾವು 'ಅಂತೆ ಕಂತೆ' ಎಂದು ಒಂದೇ ಉಸಿರಿಗೆ ತಳ್ಳಿಹಾಕುವ ವಸ್ತುವಿಗೆ ಪೂರ್ವಿಕರು ತರ್ಕಶಾಸ್ತ್ರದಲ್ಲಿ ಒಂದು ಮಣೆ ಹಾಕಿ ಕೂರಿಸಿ ವಿಚಾರಣೆ ನಡೆಸಿದ್ದರು.

ಶರಣರ ವಚನಗಳಿಗೆ ವ್ಯಾಖ್ಯಾನ ಹೇಳುವವರಿಗೆ ಈ ವಿಚಾರಣೆ ತಪ್ಪಿದ್ದಲ್ಲ. ವಚನವು ಶರಣರ ಮಾತು. ಆದರೆ ಆ ಶರಣರು ಯಾರು, ಹೇಗೆ ಬದುಕಿದರು ಎಂದು ಹೇಳಹೊರಟರೆ ಕಾಲಿಡುವುದು ಐತಿಹ್ಯದ ನೆಲದ ಮೇಲೆ. ನುಲಿಯ ಚಂದಯ್ಯನ ಕೈಯಿಂದ ಲಿಂಗ ಜಾರಿ ನೀರಿಗೆ ಬಿದ್ದುದು, ಆತ ಅದನ್ನು ಬಿಟ್ಟು ಹುಲ್ಲಿನ ಹೊರೆಯೊಂದಿಗೆ ನಡೆದಾಗ ಲಿಂಗವೇ ಅವನ ಬೆನ್ನು ಹತ್ತಿ ಬಂದುದು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತೆಗೆದುಕೊಂಡ ಜಾಗದಲ್ಲಿಯೇ ಸುರಿದು ಬರುವಂತೆ ಕಳಿಸಿದುದು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸುತನ ತೊರೆದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿದುದು. ಇವಿಲ್ಲದೆ ಆ ಶರಣರ ವಚನಗಳನ್ನು ಓದಬಹುದು, ಆದರೆ ಹಾಗೆ ಓದಿದವರು ನಮ್ಮಲ್ಲಿ ಯಾರೂ ಇಲ್ಲ. ಕತೆ ಮೊದಲು ಕಿವಿಗೆ ಬೀಳುತ್ತದೆ, ವಚನ ಆಮೇಲೆ ಕಣ್ಣಿಗೆ ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನದಲ್ಲಿ ಹರಳಯ್ಯನವರ ಪ್ರಸಂಗವನ್ನು ಹೇಳಿ ಮುಗಿಸಿದ ಮೇಲೆ ವೈದ್ಯಕೀಯ ಓದುತ್ತಿದ್ದ ಯುವಕನೊಬ್ಬ ನಮ್ಮ ಬಳಿಗೆ ಬಂದ. ಸಂಕೋಚದ ಹುಡುಗ, ಶ್ರದ್ಧೆಯುಳ್ಳವನು. "ಅಪ್ಪಾರ, ತೊಡೀ ಚರ್ಮ ಅಷ್ಟು ತೆಗೆದ್ರ ಮನುಷ್ಯಾ ಉಳಿಯೋದು ಕಷ್ಟ. ಇದು ಖರೇನ ನಡೆದದ್ದೇನ್ರಿ?" ಎಂದು ಕೇಳಿದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನನ್ನು ಗದರಿಸಲು ಬಾಯಿ ತೆರೆದರು. ನಾವು ತಡೆದೆವು. ಪ್ರಶ್ನೆ ಸರಿಯಾಗಿಯೇ ಇತ್ತು. ಅನುಭವಮಂಟಪದ ಪರಂಪರೆಯವರೆಂದು ಹೇಳಿಕೊಳ್ಳುವವರು ಪ್ರಶ್ನೆಗೆ ಹೆದರಿದರೆ ಆ ಪರಂಪರೆಯ ಹೆಸರೆತ್ತುವ ಅಧಿಕಾರ ಉಳಿಯುವುದಿಲ್ಲ. ಅಂದು ಅವನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಕತೆ ಎಲ್ಲರಿಗೂ ತಿಳಿದದ್ದೇ. ಕಲ್ಯಾಣದ ಬೀದಿಯಲ್ಲಿ ಸಮಗಾರ ಹರಳಯ್ಯನವರು ಎದುರಾದ ಬಸವಣ್ಣನವರಿಗೆ 'ಶರಣು' ಎಂದರು. ಬಿಜ್ಜಳನ ಭಂಡಾರಿಯಾದ ಬಸವಣ್ಣನವರು 'ಶರಣು ಶರಣಾರ್ಥಿ' ಎಂದು ಮರುನುಡಿದರು. ಒಂದು ಶರಣಿಗೆ ಎರಡು ಶರಣು. ಹರಳಯ್ಯನವರ ಎದೆಯ ಮೇಲೆ ಆ ಹೆಚ್ಚಿನ ಮಾತು ಸಾಲದಂತೆ ಕುಳಿತಿತು. ಮನೆಗೆ ಬಂದು ಮಡದಿ ಕಲ್ಯಾಣಮ್ಮನವರೊಡನೆ ಹೇಳಿಕೊಂಡರು. ಇಬ್ಬರೂ ಕೂಡಿ ತಮ್ಮ ತೊಡೆಯ ಚರ್ಮವನ್ನು ತೆಗೆದು ಹದಮಾಡಿ ಬಸವಣ್ಣನವರಿಗಾಗಿ ಚಮ್ಮಾವುಗೆಗಳನ್ನು ಮಾಡಿದರು. ಬಸವಣ್ಣನವರು ಅವನ್ನು ಕಂಡು ನಡುಗಿದರು. ಇವನ್ನು ಮೆಟ್ಟಲು ತಾವು ಯೋಗ್ಯರಲ್ಲವೆಂದು ತಲೆಯ ಮೇಲೆ ಹೊತ್ತುಕೊಂಡು ಮರಳಿಸಿದರು. ಮರಳಿ ಬರುವ ದಾರಿಯಲ್ಲಿ ಮಧುವರಸನು ಅವನ್ನು ಕಸಿದು ಮೆಟ್ಟಿದ, ಮೈಯುರಿ ಹತ್ತಿತು, ಹರಳಯ್ಯನವರ ಮನೆಯಲ್ಲಿ ತೊಗಲು ನೆನೆಸಿದ ನೀರಿನಿಂದಲೇ ಆ ಉರಿ ಶಮನವಾಯಿತು, ಆತ ಶರಣನಾದ, ತನ್ನ ಮಗಳನ್ನು ಹರಳಯ್ಯನವರ ಮಗನಿಗೆ ಕೊಟ್ಟ. ಆ ಮದುವೆಗಾಗಿ ಎಳೆಹೂಟೆಯ ಶಿಕ್ಷೆ, ಕಲ್ಯಾಣದ ಕೋಲಾಹಲ.

ಈ ಪ್ರಸಂಗ ನಮಗೆ ಬಂದಿರುವುದು ಕಾವ್ಯ ಪುರಾಣಗಳ ದಾರಿಯಿಂದ, ಜನರ ಬಾಯಿಯಿಂದ, ಶಾಸನದ ದಾರಿಯಿಂದಲ್ಲ. ಬಸವಣ್ಣನವರ ಹೆಸರನ್ನು ಶಾಸನವೊಂದು ಹೇಳಬೇಕಾದರೆ 1260ರ ಅರ್ಜುನವಾಡ ಶಾಸನದವರೆಗೆ, ಎಂದರೆ ಹೆಚ್ಚುಕಡಿಮೆ ಒಂದು ಶತಮಾನ, ಕಾಯಬೇಕಾಯಿತು. ದೊರೆಯ ಭಂಡಾರಿಗೇ ಈ ಪಾಡಾದರೆ ಸಮಗಾರನ ಮನೆಯ ಸಂಗತಿಯನ್ನು ಕಲ್ಲಿನ ಮೇಲೆ ಕೊರೆಸುವವರು ಯಾರು? ದತ್ತಿ ಬಿಟ್ಟವರ ಹೆಸರು ಕಲ್ಲಿಗೆ ಸಿಕ್ಕುತ್ತದೆ. ಚರ್ಮ ಬಿಟ್ಟವರ ಹೆಸರು ನಾಲಿಗೆಗೆ ಸಿಕ್ಕುತ್ತದೆ. ಐತಿಹ್ಯದ ಮೊದಲ ಕೆಲಸ ಇದೆಂದು ನಮಗೆ ತೋರುತ್ತದೆ: ಕಲ್ಲಿನಲ್ಲಿ ಜಾಗವಿಲ್ಲದವರಿಗೆ ಜಾಗ ಕೊಡುವುದು.

ಹಾಗಾದರೆ ತೊಡೆಯ ಚರ್ಮದ ಮಾತು? ಕತೆಯನ್ನು ವೈದ್ಯನಂತೆ ಪರೀಕ್ಷಿಸಿದರೆ ಅದು ಉಳಿಯುವುದಿಲ್ಲ, ಒಪ್ಪಿದೆವು. ಆದರೆ ಕತೆ ಏನನ್ನು ಯಾವ ಜಾಗದಲ್ಲಿ ಇಟ್ಟಿದೆ ಎಂದು ನೋಡಿದರೆ ಅದು ಬಹಳ ಎಚ್ಚರದಿಂದ ಕಟ್ಟಿದ್ದೆಂದು ತಿಳಿಯುತ್ತದೆ. ವರ್ಣವ್ಯವಸ್ಥೆಗೂ ಒಂದು ಕತೆಯಿತ್ತು. ವಿರಾಟ್ ಪುರುಷನ ಮುಖದಿಂದ ಒಬ್ಬ ಹುಟ್ಟಿದ, ಪಾದದಿಂದ ಒಬ್ಬ ಹುಟ್ಟಿದ ಎಂಬ ಕತೆ ಅದು. ತೊಡೆ ಅದರಲ್ಲಿ ವೈಶ್ಯನ ಪಾಲು. ಸಮಗಾರನಿಗೆ ಪಾದದಲ್ಲಿಯೂ ಪಾಲಿರಲಿಲ್ಲ, ಪಾದದ ಕೆಳಗಿನ ತೊಗಲು ಅವನ ಪಾಲು. ಅದಕ್ಕೆ ಎದುರಾಗಿ ಹುಟ್ಟಿದ ಈ ಕತೆಯಲ್ಲಿ ಸಮಗಾರನ ಮೈಯೇ ಚಮ್ಮಾವುಗೆಯಾಗುತ್ತದೆ, ಅದು ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರೊಬ್ಬರ ತಲೆಯ ಮೇಲೆ ಏರುತ್ತದೆ. ಪಾದದಡಿಯದು ಶಿರಸ್ಸಿಗೆ ಬಂತು. ಒಂದು ಶಾಸ್ತ್ರಗ್ರಂಥ ಬರೆದು ಖಂಡಿಸಬಹುದಾದುದನ್ನು ಜನ ಒಂದು ಚಿತ್ರದಲ್ಲಿ ಖಂಡಿಸಿದರು. ಆ ಚಿತ್ರವನ್ನು ಅಕ್ಷರ ಬಾರದ ಮುದುಕಿಯೂ ಮೊಮ್ಮಗನಿಗೆ ದಾಟಿಸಬಲ್ಲಳು. ಶಾಸ್ತ್ರಗ್ರಂಥಕ್ಕೆ ಆ ಭಾಗ್ಯವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹರಳಯ್ಯನವರು ಸಾಲ ತೀರಿಸಲು ಹೊನ್ನು ಅರಸಲಿಲ್ಲ, ಗುಡಿಗೆ ಹರಕೆ ಹೊರಲಿಲ್ಲ. ತಮ್ಮ ಕಾಯಕದಲ್ಲಿಯೇ ತೀರಿಸಿದರು. ಕಾಯಕವೆಂಬ ಮಾತಿನಲ್ಲಿ ಕಾಯವಿದೆ ಎಂಬುದನ್ನು ನಾವು ವೇದಿಕೆಗಳ ಮೇಲೆ ಎಷ್ಟೋ ಸಲ ಹೇಳುತ್ತೇವೆ. ಕತೆ ಅದನ್ನು ಅಕ್ಷರಶಃ ಮಾಡಿ ತೋರಿಸಿಬಿಟ್ಟಿದೆ. ನಡೆದ ಘಟನೆಯ ವರದಿ ಎಂದು ಓದುವ ಬದಲು, ಒಂದು ವಚನಕ್ಕೆ ಜನಸಮುದಾಯ ಬರೆದ ಟೀಕೆ ಎಂದು ಓದಿದರೆ ಎಷ್ಟೋ ಪವಾಡಗಳು ತಮ್ಮ ಗುಟ್ಟು ಬಿಡುತ್ತವೆ.

ಇದು ನಮ್ಮ ಹೊಸ ಉಪಾಯವೇನೂ ಅಲ್ಲ. ಬಸವಣ್ಣನವರೇ ಐತಿಹ್ಯವನ್ನು ಹೀಗೆ ಬಳಸಿದರು. ಚೋಳನಾಡಿನ ಮಾದಾರ ಚೆನ್ನಯ್ಯನವರ ಮನೆಯಲ್ಲಿ ಶಿವನು ಅಂಬಲಿಯುಂಡ ಕತೆ ಅವರಿಗೂ ಹಿರಿಯರಿಂದ ಬಂದ ಕತೆ. ಅವರು ಚೆನ್ನಯ್ಯನವರನ್ನು ಕಂಡವರಲ್ಲ. ಆದರೂ ತಮ್ಮ ವಚನಗಳಲ್ಲಿ ತಾವು ಹುಟ್ಟಿದ ಕುಲವನ್ನು ಬದಿಗಿಟ್ಟು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಮನೆತನವೇ ತಮ್ಮದೆಂದು ಹೇಳಿಕೊಂಡರು. ವಂಶಾವಳಿ ರಕ್ತದಿಂದ ಬರುತ್ತದೆ. ಅವರು ಅದನ್ನು ಐತಿಹ್ಯದಿಂದ ಆರಿಸಿಕೊಂಡರು. ಚೆನ್ನಯ್ಯನವರ ಮನೆಯ ಅಂಬಲಿಯ ಬಗ್ಗೆ ದಾಖಲೆ ಕೇಳಿ ಕುಳಿತಿದ್ದರೆ ಹನ್ನೆರಡನೆಯ ಶತಮಾನದ ಅತ್ಯಂತ ಧೈರ್ಯದ ಮಾತೊಂದು ಹುಟ್ಟುತ್ತಲೇ ಇರಲಿಲ್ಲ.

ಐತಿಹ್ಯವನ್ನು ನಂಬುವವರು ಒಂದು ಸಂಗತಿಯನ್ನು ಗಮನಿಸಬೇಕು. ಅದು ಒಂದೇ ರೂಪದಲ್ಲಿ ನಿಲ್ಲುವ ವಸ್ತುವಲ್ಲ. ಅಲ್ಲಮಪ್ರಭುಗಳ ಕತೆಯನ್ನೇ ನೋಡಿ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆ ಎಂಬವಳನ್ನು ಪ್ರೀತಿಸುತ್ತಾನೆ, ಮದುವೆಯಾಗುತ್ತಾನೆ, ಜ್ವರದಿಂದ ಆಕೆ ತೀರಿಕೊಂಡಾಗ ಮರುಳನಂತೆ ಅಲೆಯುತ್ತಾನೆ. ದಿಕ್ಕೆಟ್ಟು ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ ಚಿನ್ನದ ಕಳಸವೊಂದು ಕಾಣಿಸಿಕೊಳ್ಳುತ್ತದೆ. ಅಗೆಸಿ ಒಳಹೊಕ್ಕರೆ ಹುದುಗಿದ ಗುಡಿ, ಅದರೊಳಗೆ ಅನಿಮಿಷಯ್ಯ, ಆತನ ಕೈಯಿಂದ ಲಿಂಗ. ಎರಡು ಶತಮಾನಗಳ ಮೇಲೆ, ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು 'ಪ್ರಭುಲಿಂಗಲೀಲೆ' ಬರೆಯುವಾಗ ಈ ಅಲ್ಲಮನನ್ನು ಒಪ್ಪಲಿಲ್ಲ. ಅವನ ಅಲ್ಲಮ ಬನವಸೆಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾನೆ, ಮಾಯಾದೇವಿ ಅವನನ್ನು ಮೋಹಿಸುತ್ತಾಳೆ, ಆತ ಮಾತ್ರ ಯಾವ ಮೋಹಕ್ಕೂ ಸಿಕ್ಕುವುದಿಲ್ಲ. ಅಕ್ಕಮಹಾದೇವಿಯವರ ವಿಷಯದಲ್ಲಿಯೂ ಇದೇ. ಹರಿಹರನಲ್ಲಿ ಕೌಶಿಕನೊಡನೆ ಮದುವೆ ನಡೆಯುತ್ತದೆ, ಚಾಮರಸನಲ್ಲಿ ನಡೆಯುವುದಿಲ್ಲ. ಯಾವುದು ಸರಿಯೆಂದು ವಿದ್ವಾಂಸರು ಇನ್ನೂ ಜಗಳವಾಡಲಿ. ಇಬ್ಬರೂ ಭಕ್ತರೇ ಎಂಬುದು ನಮಗೆ ಮುಖ್ಯ. ಮನುಷ್ಯ ಮೇಲೇರಿ ಹೋದ ಎತ್ತರವನ್ನು ಒಬ್ಬ ತೋರಿಸಿದ, ಆ ಎತ್ತರವೇ ಮನುಷ್ಯರೂಪ ತಾಳಿ ಬಂತೆಂದು ಇನ್ನೊಬ್ಬ ಹಾಡಿದ. ಚಾಮರಸನ ಕಾವ್ಯ ಹೆಚ್ಚು ಸೊಗಸಾದುದಿರಬಹುದು. ನಮ್ಮ ಮನಸ್ಸು ಮಾತ್ರ ಹರಿಹರನ ಅಲ್ಲಮನ ಕಡೆಗೇ ವಾಲುತ್ತದೆ. ಪ್ರಭುಗಳ ವಚನಗಳಲ್ಲಿ ಕೇಳುವ ಕಠೋರವಾದ ನಿಚ್ಚಳ ದನಿ, ಕಳೆದುಕೊಂಡು ಕಂಡುಕೊಂಡವರ ದನಿಯಂತೆ ಕೇಳುತ್ತದೆಯೇ ಹೊರತು ಏನನ್ನೂ ಕಳೆದುಕೊಳ್ಳದವರ ದನಿಯಂತೆ ಅಲ್ಲ.

ಪವಾಡಗಳನ್ನು ಗೇಲಿ ಮಾಡುವವರು ಮರೆಯುವ ಒಂದು ಸಂಗತಿಯೆಂದರೆ, ಶರಣಪರಂಪರೆಯಲ್ಲಿ ಪವಾಡವನ್ನು ಗೇಲಿ ಮಾಡುವ ಪವಾಡವೂ ಇದೆ. ಸಿದ್ಧಯೋಗಿ ಗೋರಕ್ಷನು ವಜ್ರಕಾಯ ಸಾಧಿಸಿದವನು. ಅವನ ಮೈಗೆ ಕತ್ತಿಯಿಂದ ಹೊಡೆದರೆ ಖಣಿಲೆಂದು ಶಬ್ದವಾಯಿತೇ ಹೊರತು ಗಾಯವಾಗಲಿಲ್ಲ. ಪ್ರಭುಗಳ ಮೈಗೆ ಬೀಸಿದರೆ ಕತ್ತಿ ಗಾಳಿಯಲ್ಲಿ ಆಡಿದಂತೆ ಆಚೆ ಬಂತು. ಶಬ್ದ ಬಂದದ್ದೇ ಸೋಲು. ಸಿದ್ಧಿಯನ್ನು ಸಂಪಾದಿಸಿದೆನೆಂಬ ಅಹಂಕಾರ ಗಟ್ಟಿಯಾಗಿ ಉಳಿದಿರುವುದರಿಂದಲೇ ಅದು ಸದ್ದು ಮಾಡುತ್ತದೆ. ಬೂದಿ ಉದುರಿಸಿ ಜನರನ್ನು ಮರುಳು ಮಾಡುವವರು ಈ ಪ್ರಸಂಗವನ್ನು ತಮ್ಮ ಸಭೆಯಲ್ಲಿ ಹೇಳಿಸಿದ್ದನ್ನು ನಾವಂತೂ ಕೇಳಿಲ್ಲ.

ಇಷ್ಟು ಹೇಳಿದ ಮೇಲೆ ಐತಿಹ್ಯವೆಲ್ಲ ಪರಿಶುದ್ಧವೆಂದು ಭಾವಿಸಬಾರದು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನವರ ಸಂಗತಿಯಿದೆ. ಸುಮಾರು 1200ರ ಹೊತ್ತಿನ ಕಲ್ಬರಹ. ಜೈನರೊಡನೆ ಪಣ ಕಟ್ಟಿ ರಾಮಯ್ಯನವರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಂಡು ಶಿವನಿಗೆ ಅರ್ಪಿಸಿದರೆಂದೂ, ಏಳನೆಯ ದಿನ ಅದು ಮತ್ತೆ ಕೂಡಿತೆಂದೂ, ಬಿಜ್ಜಳನು ಅವರಿಗೆ ಜಯಪತ್ರ ಕೊಟ್ಟನೆಂದೂ ಅದರಲ್ಲಿ ಬರೆದಿದೆ. ಕಲ್ಲಿನಲ್ಲಿದ್ದದ್ದೆಲ್ಲ ಚರಿತ್ರೆ, ಬಾಯಲ್ಲಿದ್ದದ್ದೆಲ್ಲ ಕಟ್ಟುಕತೆ ಎಂಬ ಸುಲಭದ ವಿಂಗಡಣೆ ಈ ಕಲ್ಲಿನ ಮುಂದೆ ಮುರಿದು ಬೀಳುತ್ತದೆ. ಅದಕ್ಕಿಂತ ನಮ್ಮನ್ನು ಕಾಡುವುದು ಬೇರೊಂದು. ಪಣದಲ್ಲಿ ಸೋತವರು ತಮ್ಮ ಜಿನನನ್ನು ಕಿತ್ತು ಶಿವನನ್ನು ಸ್ಥಾಪಿಸಬೇಕು ಎಂಬುದು ಆ ಕತೆಯ ಷರತ್ತು, ಜಿನಬಿಂಬ ಭಂಗವಾಗುವುದು ಅದರ ಫಲ. ಭಕ್ತಿಯ ತೀವ್ರತೆಯನ್ನು ನಾವು ಗೌರವಿಸುತ್ತೇವೆ. ಆದರೆ ಇನ್ನೊಬ್ಬರ ದೇವರು ಒಡೆದ ಸದ್ದಿಗೆ ಚಪ್ಪಾಳೆ ತಟ್ಟಿಸುವ ಕತೆಯನ್ನು ಮಕ್ಕಳ ಮುಂದೆ ಹೇಳುವಾಗ ನಾಲಿಗೆ ತಡೆಯುತ್ತದೆ, ತಡೆಯಬೇಕು. ದಯೆಯನ್ನು ಧರ್ಮದ ಮೂಲವೆಂದ ವಚನಕಾರರ ಮಾತಿನ ಪಕ್ಕದಲ್ಲಿಟ್ಟು ಆ ಕತೆಯನ್ನು ತೂಗಬೇಕು. ಕತೆಗಳಿಗೆ ವಚನವೇ ಒರೆಗಲ್ಲು. ವಚನಕ್ಕೆ ಕತೆ ಒರೆಗಲ್ಲಲ್ಲ.

ಈಗ ನಮ್ಮಂಥ ಮಠಸ್ಥರು ಸ್ವಲ್ಪ ಹೆಚ್ಚೇ ಗಮನವಿಟ್ಟು ಕೇಳಬೇಕಾದ ಕತೆಯೊಂದಕ್ಕೆ ಬರೋಣ. ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯ ಹಳ್ಳಿಗಳಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಾವ್ಯವನ್ನು ಹಾಡುತ್ತಾರೆ. ಪುಸ್ತಕ ನೋಡಿ ಹಾಡುವವರಲ್ಲ, ಗುರುವಿನ ಬಾಯಿಯಿಂದ ಕಲಿತವರು. ಅವರಲ್ಲಿ ಬಹುಮಂದಿ ದಲಿತ ಕುಟುಂಬಗಳವರು. ಅದರಲ್ಲಿ 'ಕಲ್ಯಾಣದ ಸಾಲು' ಎಂಬ ಭಾಗವಿದೆ. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಕಲ್ಯಾಣವನ್ನು ಪರೀಕ್ಷಿಸಲು ಬರುತ್ತಾರೆ. ಹೇಗೆ ಬರುತ್ತಾರೆ? ಮೈತುಂಬ ಕುಷ್ಠ, ಹೆಗಲ ಮೇಲೆ ಸತ್ತ ಪ್ರಾಣಿಯ ಮಾಂಸ, ಕೈಯಲ್ಲಿ ಹೆಂಡ. ಬಾಗಿಲಲ್ಲಿ ಕಾವಲಿನವರು ತಡೆಯುತ್ತಾರೆ. ಲಿಂಗ ಧರಿಸಿ ನಿತ್ಯ ದಾಸೋಹದಲ್ಲಿ ಉಣ್ಣುತ್ತಿದ್ದ ಜಂಗಮರ ಸಂಖ್ಯೆ ಒಂದು ಲಕ್ಷ ತೊಂಬತ್ತಾರು ಸಾವಿರ. ಆ ನಾತ ಒಳಗೆ ಬಂದೊಡನೆ ಅವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ನಿಲ್ಲುವವರು ಬಸವಣ್ಣ, ನೀಲಮ್ಮ, ಬೆರಳೆಣಿಕೆಯ ಕೆಲವರು.

ಶಿಷ್ಟ ಪುರಾಣಗಳನ್ನು ಮಾತ್ರ ಓದಿದವರಿಗೆ ಈ ಕಲ್ಯಾಣ ಅಪರಿಚಿತ. ನಮ್ಮ ಪುರಾಣಗಳಲ್ಲಿ ಕಲ್ಯಾಣದ ಬಾಗಿಲು ಯಾವಾಗಲೂ ತೆರೆದಿರುತ್ತದೆ. ನೀಲಗಾರರ ಹಾಡಿನಲ್ಲಿ ಅದಕ್ಕೊಬ್ಬ ಕಾವಲುಗಾರನಿದ್ದಾನೆ. ನಾವು ಒಳಗಿನಿಂದ ಕತೆ ಹೇಳಿದವರು, ಅವರು ಹೊಸ್ತಿಲ ಹೊರಗಿನಿಂದ ಹೇಳಿದವರು. ಬಾಗಿಲು ಕಾಣುವುದು ಹೊರಗೆ ನಿಂತವರಿಗೆ. ಆದರೂ ಆ ಹಾಡು ಬಸವಣ್ಣನವರನ್ನು ಕೈಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಓಡಿಹೋದವರನ್ನು ಹಾಡು ನಗೆಗೀಡು ಮಾಡುತ್ತದೆ, ನಿಂತವರನ್ನು ಉಳಿಸಿಕೊಳ್ಳುತ್ತದೆ. ಕಾವಿಯುಟ್ಟು ಪಾದಪೂಜೆಗೆ ಕುಳ್ಳಿರುವ ನಾವು ಆ ಲಕ್ಷದ ತೊಂಬತ್ತಾರು ಸಾವಿರದಲ್ಲಿ ಇದ್ದೇವೆಯೋ, ಉಳಿದ ಬೆರಳೆಣಿಕೆಯಲ್ಲಿ ಇದ್ದೇವೆಯೋ ಎಂಬ ಪ್ರಶ್ನೆಯನ್ನು ಯಾವ ವಿಮರ್ಶಕನೂ ಇಷ್ಟು ನೇರವಾಗಿ ಕೇಳಿಲ್ಲ. ಇದನ್ನು ಮಠಗಳಲ್ಲಿ ಹಾಡಿಸಬೇಕೆಂಬುದು ನಮ್ಮ ಬಹುದಿನದ ಅಪೇಕ್ಷೆ.

ಫ. ಗು. ಹಳಕಟ್ಟಿಯವರು (1880–1964) 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸುವ ತನಕ ವಚನದ ಕಟ್ಟುಗಳು ಬಹುಮಟ್ಟಿಗೆ ಮಠ ಮನೆಗಳಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡು ಪೂಜೆಗೊಳ್ಳುತ್ತಿದ್ದವು. ಆ ಓಲೆಗರಿಗಳು ಮೌನವಾಗಿದ್ದ ಶತಮಾನಗಳಲ್ಲಿ ಚಂದಯ್ಯ, ಲಕ್ಕಮ್ಮ, ಹರಳಯ್ಯ ಎಂಬ ಹೆಸರುಗಳನ್ನು ಸಾಯಗೊಡದೆ ಹೊತ್ತು ತಂದವರು ಪುರಾಣ ಹೇಳುವವರು, ಒಡಪು ಹೇಳುವ ಪುರವಂತರು, ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೊರಟ ಒಕ್ಕಲಿಗರು. ಶರಣರು ಕಾಡಿನ ಹಾದಿ ಹಿಡಿದು ಉಳವಿಯತ್ತ ನಡೆದ ಕತೆಯನ್ನು ಆ ಚಕ್ಕಡಿಗಳು ಇಂದಿಗೂ ವರ್ಷಕ್ಕೊಮ್ಮೆ ನಡೆದು ತೋರಿಸುತ್ತವೆ. ಸ್ವತಃ ಹಳಕಟ್ಟಿಯವರ ಸುತ್ತಲೂ ಈಗ ಕತೆಗಳು ಬೆಳೆದಿವೆ. ಅವರ ಹರಕು ಕೋಟು, ಸೈಕಲ್ಲು, ಮುದ್ರಣಾಲಯಕ್ಕಾಗಿ ಮನೆ ಮಾರಿದ ಸಂಗತಿ ಪ್ರತಿ ಭಾಷಣದಲ್ಲಿಯೂ ಸ್ವಲ್ಪ ಬಣ್ಣ ಪಡೆಯುತ್ತಿವೆ. ಜನ ತಾವು ಮರೆಯಬಾರದೆಂದು ಬಗೆದವರಿಗೆ ಮಾಡುವ ಸತ್ಕಾರವಿದು.

ಆ ವೈದ್ಯ ವಿದ್ಯಾರ್ಥಿಗೆ ಹೇಳಿದ್ದಿಷ್ಟು. ಅವನಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯದು. ಈಗ ಅವನು ಊರಿನಿಂದ ದೂರದ ಆಸ್ಪತ್ರೆಯೊಂದರಲ್ಲಿ ಸುಟ್ಟ ಗಾಯಗಳ ವಿಭಾಗದಲ್ಲಿದ್ದಾನೆ. ಒಬ್ಬರ ತೊಡೆಯ ಚರ್ಮ ತೆಗೆದು ಅವರದೇ ಗಾಯಕ್ಕೆ ಹಚ್ಚುವ ಕೆಲಸ ಮಾಡುತ್ತೇನೆಂದು ಒಮ್ಮೆ ಫೋನಿನಲ್ಲಿ ಹೇಳಿ ನಕ್ಕ.

ಅವನ ಪ್ರಶ್ನೆಗಿಂತ ಕಠಿಣವಾದದ್ದು ಮರುವರ್ಷ ಬಂತು. ಸಮಗಾರ ಓಣಿಯ ಹಿರಿಯರೊಬ್ಬರು, ಎಂಬತ್ತರ ಆಸುಪಾಸಿನವರು, ಮಠದ ಕಟ್ಟೆಯ ಮೇಲೆ ನಮ್ಮೆದುರು ಕುಳಿತು ಹೇಳಿದರು: "ಅಪ್ಪಾರ, ಕಾಲ್ಮರಿ ಕತಿ ವರ್ಸಾ ಕೇಳ್ತೀನಿ. ಛಲೋ ಹೇಳ್ತೀರಿ. ಬಸವಣ್ಣೋರು ತಲೀಮ್ಯಾಗ ಹೊತ್ರು, ಖರೆ. ಆಮ್ಯಾಲೆ ಯಾರ್ ಹೊತ್ರು ಹೇಳ್ರಿ?" ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದೋ ಅಲ್ಲವೋ ಎಂಬ ಚಿಂತೆ ಅವರಿಗೆ ಇರಲೇ ಇಲ್ಲ. ಕತೆ ನಿಜವೆಂದು ಅವರು ಒಪ್ಪಿಯಾಗಿತ್ತು. ಅದನ್ನು ಹೇಳುವವರು ಒಪ್ಪಿದ್ದಾರೆಯೇ ಎಂಬುದಷ್ಟೇ ಅವರಿಗೆ ತಿಳಿಯಬೇಕಾಗಿತ್ತು.

ಅವರ ಊರಿನ ಕೆಲವು ಮನೆಗಳಲ್ಲಿ ಲಿಂಗಪೂಜೆ ಮಾಡುವ ಭಕ್ತರೇ ಅವರಿಗೆ ಚಹಾ ಕೊಡಲು ಬೇರೆ ಬಟ್ಟಲು ಇಟ್ಟಿದ್ದ ಸಂಗತಿಯೂ ಅಂದೇ ಹೊರಬಿತ್ತು. ಆ ಮನೆಗಳಿಗೆ ಹೋದೆವು. ಬೇರೆ ಬಟ್ಟಲಲ್ಲಿ ನಮಗೂ ಚಹಾ ಕೊಡಿರೆಂದು ಕೇಳಿದೆವು. ಒಂದು ಮನೆಯವರು ಅಳತೊಡಗಿದರು, ಇನ್ನೊಂದು ಮನೆಯವರು ಆಮೇಲೆ ಮಠಕ್ಕೆ ಬರುವುದನ್ನು ಬಿಟ್ಟರು. ಉಳಿದ ಮನೆಗಳಲ್ಲಿ ಆ ಬಟ್ಟಲುಗಳು ಈಗಿಲ್ಲ ಎಂದು ಕೇಳಿದ್ದೇವೆ.

ಆ ವರ್ಷದಿಂದ ಹರಳಯ್ಯನವರ ಪ್ರಸಂಗ ಬರುವ ದಿನದ ಪ್ರವಚನ ಸಮಗಾರ ಓಣಿಯಲ್ಲಿ ನಡೆಯುತ್ತದೆ. ಕತೆ ಹೇಳುವವರು ನಾವಲ್ಲ, ಆ ಹಿರಿಯರು. ಅವರ ಕತೆಯಲ್ಲಿ ಮಧುವರಸನ ಭಾಗ ಎರಡೇ ಮಾತಿನಲ್ಲಿ ಮುಗಿದುಹೋಗುತ್ತದೆ. ತೊಡೆಯ ಚರ್ಮದ ಯೋಚನೆ ಮೊದಲು ಬರುವುದು ಕಲ್ಯಾಣಮ್ಮನವರಿಗೆ. ಉಳಿಯನ್ನು ಗಂಡನ ಕೈಗೆ ಕೊಡುವವರೂ ಅವರೇ. ನಮ್ಮ ಪುರಾಣಗಳಲ್ಲಿ ಎಲ್ಲಿಯೂ ಓದದ ಒಂದು ವಿವರವನ್ನೂ ಅವರು ಸೇರಿಸುತ್ತಾರೆ. ಹೊಲಿಗೆ ಮುಗಿಯುವ ತನಕ ಗಂಡಹೆಂಡಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ. ನೋಡಿದರೆ ಕೈ ನಡುಗೀತೆಂದು.